ಕಾರ್ಕಳದ ಕ್ಯಾಪ್ಟನ್

ನಮ್ಮ ಮೈಸೂರಿನವರಿಗೆ ನಮ್ಮದೇ ಆದ ಒಂದು ಭೂಗೋಳ ಇದೆ. ಅದರ ಪ್ರಕಾರ ಘಟ್ಟ ಇಳಿದರೆ ಮಂಗಳೂರು. ಉಡುಪಿ, ಕುಂದಾಪುರ, ಪುತ್ತೂರು, ಬೆಳ್ತಂಗಡಿ ಎಲ್ಲ ಅದರೊಳಗೇ ಅಡಕ. ಮಂಗಳೂರು ಅಂದಮೇಲೆ ಸಮುದ್ರ, ಸಮುದ್ರ ಅಂದಮೇಲೆ ಅಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಈಜು, ದೋಣಿ, ಗಾಳಿ, ಅಲೆಗಳ ವಿದ್ಯೆ ಅಮ್ಮನ ಹಾಲಿನ ಜೊತೆಗೇ ಬಂದಿರುತ್ತದೆ. ಸಿಂಗಪುರಕ್ಕೆ ಬರುವಾಗ ಪುಳಿಯೋಗರೆ ಗೊಜ್ಜಿನ ಡಬ್ಬಿಯ ಪಕ್ಕದಲ್ಲಿ ಈ ಭೂಗೋಳವನ್ನೂ ಸೂಟ್‌ಕೇಸಿಗೆ ತುಂಬಿಕೊಂಡೇ ಬಂದಿದ್ದೆವು. ಧರ್ಮಪಾಲರು ಕ್ಯಾಪ್ಟನ್ ಆದದ್ದು ಹೀಗೆ.

ಸಿಂಗಪುರದ ಹೌಗಾಂಗ್ ಬಡಾವಣೆಯಲ್ಲಿ ನಾವಿದ್ದ ಬ್ಲಾಕಿನಲ್ಲೇ ಅವರ ಮನೆ. ನಾವು ನಾಲ್ಕನೇ ಮಹಡಿ, ಅವರು ಒಂಬತ್ತು. ಕೆಲಸ ಲಿಫ್ಟುಗಳ ಪರೀಕ್ಷೆ. ನಲವತ್ತು ಮಹಡಿಯ ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತು, ಕೆಳಗಿನ ಕತ್ತಲೆಯನ್ನು ಲೆಕ್ಕಿಸದೆ ಹಗ್ಗ ಮುಟ್ಟಿ ನೋಡುವ ಮನುಷ್ಯ. ಪಿಕ್‌ನಿಕ್ಕಿಗೂ ತುಂಬುತೋಳಿನ ಶರ್ಟು ಹಾಕಿ, ಕೊಡೆ ಹಿಡಿದುಕೊಂಡು ಬರುತ್ತಿದ್ದರು. ಒಮ್ಮೆ ನಾವೆಲ್ಲ ಚಾಂಗಿ ಬೀಚಿನಲ್ಲಿ ಚಾಪೆ ಹಾಸಿ ಬಿಸಿಬೇಳೆಭಾತಿನ ಪಾತ್ರೆ ತೆರೆಯುವ ಹೊತ್ತಿಗೆ ಸರಿಯಾಗಿ ಆಕಾಶ ಕಪ್ಪಾಯಿತು. ಹೆಂಗಸರು ಪಾತ್ರೆ ಮುಚ್ಚತೊಡಗಿದರು. ಧರ್ಮಪಾಲರು ಕಡಲಿನ ಕಡೆ ಒಮ್ಮೆ, ಮೋಡದ ಕಡೆ ಒಮ್ಮೆ ನೋಡಿ, "ಬರೋದಿಲ್ಲ. ಊಟ ಮಾಡಿ" ಅಂದರು. ಮಳೆ ಬರಲಿಲ್ಲ. ಸಿಂಗಪುರದಲ್ಲಿ ಅಷ್ಟು ಕಪ್ಪಾದ ಮೇಲೆ ಮಳೆ ಬಾರದೆ ಇರುವುದು ವರ್ಷಕ್ಕೊಮ್ಮೆ ನಡೆಯುವ ಸಂಗತಿ. ನನ್ನ ಗಂಡ ಪ್ರಕಾಶ ಅಲ್ಲೇ, ಹಪ್ಪಳ ಹಿಡಿದ ಕೈಯಲ್ಲೇ ಸೆಲ್ಯೂಟ್ ಹೊಡೆದು, "ಇನ್ಮೇಲೆ ನೀವೇ ನಮ್ಮ ಕ್ಯಾಪ್ಟನ್" ಅಂದುಬಿಟ್ಟ.

ಅಲ್ಲಿಂದ ಮುಂದೆ ಅವರ ಅಪ್ಪಣೆ ಇಲ್ಲದೆ ನಮ್ಮ ಗುಂಪಿನಲ್ಲಿ ಯಾರೂ ನೀರಿಗೆ ಕಾಲಿಟ್ಟವರಲ್ಲ. ಬಿಂತಾನ್ ದ್ವೀಪಕ್ಕೆ ಫೆರಿ ಬುಕ್ ಮಾಡುವ ಮುಂಚೆ ಕ್ಯಾಪ್ಟನ್‌ಗೆ ಒಂದು ಫೋನು. ಅವರು ಒಂಬತ್ತನೇ ಮಹಡಿಯ ಕಾರಿಡಾರಿನಿಂದ ಪಕ್ಕದ ಬ್ಲಾಕಿನ ಒಣಗುವ ಬಟ್ಟೆಗಳ ಕಡೆ ನೋಡಿ, "ಮಧ್ಯಾಹ್ನದ ಮೇಲೆ ಸ್ವಲ್ಪ ಅಲೆ ಇರುತ್ತೆ" ಅನ್ನುತ್ತಿದ್ದರು. ಯಾವ ದಿನ ಹೇಳಿದರೂ ಸುಳ್ಳಾಗದ ಮಾತು ಅದು ಎಂದು ಇಂಜಿನಿಯರಿಂಗ್ ಓದಿದ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯದವರಲ್ಲಿ ನಾನೂ ಒಬ್ಬಳು.

ಇನ್ನೊಂದು ಸಂಗತಿಯೂ ನಮಗೆ ಹೊಳೆಯಲಿಲ್ಲ. ಕ್ಯಾಪ್ಟನ್ ಮಾತ್ರ ಎಲ್ಲಿಗೂ ಬರುತ್ತಿರಲಿಲ್ಲ. ಬಿಂತಾನ್ ಇಲ್ಲ, ಬಾತಮ್ ಇಲ್ಲ, ಸಣ್ಣ ದೋಣಿಯಲ್ಲಿ ಹತ್ತೇ ನಿಮಿಷದ ಪುಲಾವ್ ಉಬಿನ್ ಕೂಡ ಇಲ್ಲ. ಕಾರಣ ಅವರ ಹೆಂಡತಿ ವಿಮಲಾ. "ನನಗೆ ದೋಣಿ ಕಂಡ್ರೇ ಹೊಟ್ಟೆ ತೊಳೆಸುತ್ತೆ. ನೀವು ಹೋಗ್ಬನ್ನಿ" ಎಂದು ಆಕೆಯೇ ಪ್ರತಿ ಸಲ ಹೇಳುತ್ತಿದ್ದರು. ನನಗೆ ನಾಜೂಕು ಹೊಟ್ಟೆಯವರನ್ನು ಕಂಡರೆ ಸ್ವಲ್ಪ ಸಿಟ್ಟು. ಹುಳಿ ತಿಂದರೆ ಆಗುವುದಿಲ್ಲ, ಬಸ್ಸು ತಿರುಗಿದರೆ ಆಗುವುದಿಲ್ಲ ಎನ್ನುವವರ ಜೊತೆ ನಮ್ಮತ್ತೆಯ ಮನೆಯಲ್ಲಿ ಸಾಕಷ್ಟು ಏಗಿದ್ದೇನೆ. ಆದರೂ ಪ್ರತಿ ಸಲ ಒಂದು ಪ್ಯಾಕೆಟ್ ಶುಂಠಿ ಮಿಠಾಯಿ ತಂದುಕೊಟ್ಟು, "ಟ್ರೈ ಮಾಡಿ ವಿಮಲಾ, ಎಲ್ಲಾ ಮನಸ್ಸಿನಲ್ಲಿರೋದು" ಎಂದು ಉಪದೇಶ ಮಾಡುತ್ತಿದ್ದೆ. ಪಾಪ, ಕಡಲ ಹುಲಿಯಂಥ ಗಂಡಸಿಗೆ ಎಂಥ ಹೆಂಡತಿ ಗಂಟುಬಿದ್ದಳು ಎಂದು ಪ್ರಕಾಶನ ಹತ್ತಿರ ಮರುಕವನ್ನೂ ಪಟ್ಟಿದ್ದೆ.

ವಿಮಲಾ ಸಂಬಾರ ಪದಾರ್ಥ ತರಿಸುವ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಮೆಣಸು, ಲವಂಗ, ಜಾಯಿಕಾಯಿ ಬಂದರೆ ಅದರಲ್ಲಿ ಹುಳುಕೆಷ್ಟು, ತೇವವೆಷ್ಟು ಎಂದು ನೋಡುವ ಕೆಲಸ. ಅವರ ಕೈಚೀಲ ತೆರೆದರೆ ಜಾಪತ್ರೆಯ ವಾಸನೆ. ಜಾಯಿಕಾಯಿಯ ಚೀಲಗಳ ಮೇಲೆ ಬಾಂದಾ ಎಂಬ ಹೆಸರು ಓದಿ ಓದಿ ಅವರಿಗೆ ಆ ಊರಿನ ಹುಚ್ಚು ಹಿಡಿದಿತ್ತು. ಇಂಡೋನೇಷ್ಯಾದ ಪೂರ್ವಭಾಗದಲ್ಲಿ, ನಕ್ಷೆಯಲ್ಲಿ ನೊಣ ಕೂತ ಹಾಗೆ ಕಾಣುವ ಪುಟ್ಟ ದ್ವೀಪಗಳ ಗುಂಪು ಅದು. ನಡುವೆ ನೀರಿನಿಂದ ನೇರ ಎದ್ದು ನಿಂತ ಜ್ವಾಲಾಮುಖಿ. ಒಂದು ಕಾಲಕ್ಕೆ ಜಗತ್ತಿನ ಜಾಯಿಕಾಯಿಯೆಲ್ಲ ಅಲ್ಲಿಂದಲೇ ಬರುತ್ತಿತ್ತಂತೆ. ವಿಮಲಾಗೆ ಐವತ್ತು ತುಂಬಿದ ವರ್ಷ, ಅಂದರೆ ಎರಡು ಸಾವಿರದ ಹದಿನೇಳರಲ್ಲಿ, ನಮ್ಮ ಬ್ಲಾಕಿನ ನೆಲಮಟ್ಟದ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ಕೂತು ಕೇಕು ತಿನ್ನುವಾಗ ಏನು ಉಡುಗೊರೆ ಬೇಕು ಎಂದು ಕೇಳಿದೆವು. "ಏನೂ ಬೇಡ. ಒಂದ್ಸಲ ಬಾಂದಾ ನೋಡ್ಬೇಕು. ಆ ಬೆಟ್ಟ ಹತ್ಬೇಕು" ಅಂದರು. ಅವರು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಧರ್ಮಪಾಲರ ಕೈಯಲ್ಲಿದ್ದ ಕೇಕು ಅಲ್ಲೇ ನಿಂತಿತು. ಅಷ್ಟರಲ್ಲಿ ಪ್ರಕಾಶ ಫೋನಿನಲ್ಲಿ ಹುಡುಕಿ, "ಆಂಬೊನ್‌ವರೆಗೆ ಫ್ಲೈಟ್ ಇದೆ. ಅಲ್ಲಿಂದ ಬಾಂದಾಗೂ ಸಣ್ಣ ಪ್ಲೇನ್ ಇದೆ. ಬೋಟೇ ಬೇಡ" ಅಂದ. ಕ್ಯಾಪ್ಟನ್‌ನ ಮುಖಕ್ಕೆ ಬಣ್ಣ ಬಂತು. "ಹಾಗಾದ್ರೆ ಹೋಗೋಣ, ವಿಮಲಾಗೂ ತೊಂದ್ರೆ ಇಲ್ಲ" ಅಂದರು. ಎಂಥ ಕಾಳಜಿಯ ಮನುಷ್ಯ ಎಂದುಕೊಂಡೆ.

ನವೆಂಬರ್ ಕೊನೆಯಲ್ಲಿ ನಮ್ಮ ಮಗಳು ಅನಘಾಗೆ ಶಾಲೆಯ ರಜೆ ಶುರುವಾದ ಮೇಲೆ ಐವರೂ ಹೊರಟೆವು. ಪ್ರಕಾಶನ ಬ್ಯಾಗಿನಲ್ಲಿ ಪುಟ್ಟ ರೈಸ್ ಕುಕ್ಕರ್, ಗೊಜ್ಜವಲಕ್ಕಿ, ಚಟ್ನಿಪುಡಿ, ಅರ್ಧ ಬ್ಯಾಗು ಮ್ಯಾಗಿ. ವಿಮಲಾ ಬೆಟ್ಟ ಹತ್ತಲು ಹೊಸ ಶೂ ಕೊಂಡಿದ್ದರು. ಬ್ಯಾಗಿನೊಳಗೆ ಹಿಡಿಸದೆ ಅದನ್ನು ಲೇಸಿನಿಂದ ಹೊರಗೆ ಕಟ್ಟಿ ನೇತುಹಾಕಿಕೊಂಡಿದ್ದರು. ಆಂಬೊನ್ ತಲುಪಿದಾಗ ವಿಮಾನ ನಿಲ್ದಾಣದ ಹುಡುಗಿ ನಗುನಗುತ್ತಲೇ ಹೇಳಿದಳು: ಸಣ್ಣ ವಿಮಾನ ಕೆಟ್ಟು ಕೂತಿದೆ, ಈ ವಾರ ಹಾರುವುದಿಲ್ಲ. ನಾಳೆ ಬೆಳಿಗ್ಗೆ ತುಲೆಹು ಬಂದರಿನಿಂದ ವೇಗದ ಬೋಟು ಇದೆ. ಆರು ಗಂಟೆಯ ದಾರಿ. ಅದು ತಪ್ಪಿದರೆ ಮತ್ತೆ ನಾಲ್ಕು ದಿನ ಬೋಟಿಲ್ಲ, ಅಷ್ಟರಲ್ಲಿ ನಮ್ಮ ರಜೆಯೇ ಮುಗಿಯುತ್ತಿತ್ತು.

ತುಲೆಹುವಿನಲ್ಲಿ ಬಾಳೆಗೊನೆ, ಕೋಳಿಬುಟ್ಟಿ, ಸುತ್ತಿದ ಹಾಸಿಗೆ, ಒಂದು ಮೋಟಾರ್‌ಸೈಕಲ್ಲು ಎಲ್ಲವೂ ಬೋಟು ಹತ್ತುತ್ತಿದ್ದವು. ನಮ್ಮ ಬ್ಯಾಗುಗಳನ್ನು ಒಂದರ ಮೇಲೊಂದು ಪೇರಿಸಿ ನಿಂತಿದ್ದೆವು. ಪ್ರಕಾಶ ರಾತ್ರಿಯೆಲ್ಲ ಯೋಚಿಸಿದವನಂತೆ ಗಂಟಲು ಸರಿಮಾಡಿಕೊಂಡ.

"ನೋಡಿ, ಆರು ಗಂಟೆ ಬೋಟು. ವಿಮಲಾ ಅವ್ರಿಗೆ ಆಗೋದಿಲ್ಲ. ಸುಮ್ನೆ ರಿಸ್ಕ್ ಯಾಕೆ? ಇಲ್ಲೇ ರೂಮ್ ಎಕ್ಸ್‌ಟೆಂಡ್ ಮಾಡಿ ರೆಸ್ಟ್ ತಗೊಳ್ಲಿ. ನಾವು ಹೋಗಿ ವಿಡಿಯೋ ಮಾಡ್ಕೊಂಡು ಬರ್ತೀವಿ. ಕ್ಯಾಪ್ಟನ್, ನೀವು ಮಾತ್ರ ಬರ್ಲೇಬೇಕು. ನೀವಿಲ್ದೆ ನಮಗೆ ಧೈರ್ಯ ಇಲ್ಲ."

ನಾನೂ ದೊಡ್ಡ ಮನಸ್ಸು ಮಾಡಿ ದನಿಗೂಡಿಸಿದೆ. "ಹೌದು ವಿಮಲಾ, ಜಾಯಿಕಾಯಿ ಹಣ್ಣು ನಾನು ತಂದ್ಕೊಡ್ತೀನಿ ಬಿಡಿ."

ಧರ್ಮಪಾಲರು ಬೋಟನ್ನು ನೋಡಿದರು. ಆಮೇಲೆ ಶರ್ಟಿನ ತೋಳು ಎಳೆದುಕೊಂಡು, "ಅವಳನ್ನ ಒಬ್ಬಳನ್ನೇ ಬಿಟ್ಟು ಹೇಗೆ ಬರ್ಲಿ? ನಾನೂ ಇಲ್ಲೇ ಇರ್ತೀನಿ. ನೀವು ಹೋಗ್ಬನ್ನಿ" ಅಂದರು. ನಾನು ಪ್ರಕಾಶನ ಪಕ್ಕೆಗೆ ತಿವಿದು, ನೋಡಿ ಕಲಿತುಕೊಳ್ಳಿ ಎಂದು ಕಣ್ಣಲ್ಲೇ ಹೇಳಿದೆ.

ವಿಮಲಾ ನೀರಿನ ಕಡೆ ನೋಡಿದರು. "ಆಯ್ತು" ಅಂದರು. ಆಮೇಲೆ ಬ್ಯಾಗುಗಳ ರಾಶಿಯ ಹತ್ತಿರ ಹೋಗಿ, ನನ್ನದನ್ನು ಸರಿಸಿ, ಅನಘಾಳದ್ದನ್ನು ಎತ್ತಿಟ್ಟು, ಅಡಿಯಲ್ಲಿದ್ದ ತಮ್ಮ ನೀಲಿ ಬ್ಯಾಗನ್ನು ಎಳೆದರು. ಹೊಸ ಶೂಗಳು ಲೇಸಿನಲ್ಲಿ ನೇತಾಡುತ್ತಾ ಒಂದಕ್ಕೊಂದು ಬಡಿದವು. ಅದರ ಅಡಿಯಲ್ಲಿ ಅಂಗಡಿಯವರು ಅಂಟಿಸಿದ ಚೀಟಿ ಇನ್ನೂ ಹಾಗೇ ಇತ್ತು.

"ವಿಮಲಾ, ಬ್ಯಾಗ್ ಅಲ್ಲೇ ಇಡು" ಅಂದರು ಧರ್ಮಪಾಲರು.

ಆಕೆ ತಲೆಯೆತ್ತಿದರು. ಧರ್ಮಪಾಲರು ನಮ್ಮ ಕಡೆ ತಿರುಗಿದರು. ಬೆಳಗಿನ ಗಾಳಿಯಲ್ಲೂ ಹಣೆಯ ತುಂಬ ಬೆವರು. ಇಷ್ಟು ವರ್ಷ ನಮ್ಮ ಹಾಗೇ ಮೈಸೂರು ಕನ್ನಡ ಮಾತಾಡುತ್ತಿದ್ದವರ ಬಾಯಲ್ಲಿ ಆಗ ಊರಿನ ಮಾತು ಹೊರಬಿತ್ತು.

"ದೋಣಿ ಆಗದಿರುವುದು ಇವಳಿಗಲ್ಲ. ನನಗೆ. ನನಗೆ ನೀರು ಅಂದ್ರೆ ಹೆದರಿಕೆ. ಚಿಕ್ಕಂದಿನಿಂದಲೂ. ಇವಳಿಗೆ ಏನೂ ಆಗುವುದಿಲ್ಲ, ಇವಳು ಕಾಪುವಿನವಳು. ದೀಪಸ್ತಂಭದ ಹತ್ರ ಮನೆ. ಸಮುದ್ರದಲ್ಲಿ ಈಜಿ ಬೆಳೆದವಳು."

ಪ್ರಕಾಶನ ಬಾಯಿ ತೆರೆದೇ ಇತ್ತು. "ಆದ್ರೆ ಕ್ಯಾಪ್ಟನ್, ನೀವೂ ಮಂಗಳೂರಿನವ್ರೇ ಅಲ್ವಾ?"

"ಕಾರ್ಕಳ" ಅಂದರು. "ನಮ್ಮಲ್ಲಿ ಸಮುದ್ರ ಇಲ್ಲ ಮಾರಾಯ್ರೆ. ಬಂಡೆ ಇರುವುದು. ಸಮುದ್ರ ನೋಡ್ಬೇಕಾದ್ರೆ ಬಸ್ಸು ಹಿಡಿದು ಹೋಗ್ಬೇಕು. ನೀವು ಯಾರೂ ಕೇಳಲಿಲ್ಲ. ಕ್ಯಾಪ್ಟನ್ ಅಂತ ಕರೆದ್ರಿ, ನನಗೂ ಖುಷಿಯಾಯ್ತು."

"ಸೋ ಆಲ್ ದಿಸ್ ಟೈಮ್ ಆಂಟಿ ವಾಸ್ ಓಕೆ ಲಾ?" ಎಂದಳು ಅನಘಾ. ನನಗೆ ನಾನು ಕೊಟ್ಟ ಅಷ್ಟೂ ಶುಂಠಿ ಮಿಠಾಯಿ ನೆನಪಾಗಿ ನಾಚಿಕೆಯಾಯಿತು.

ವಿಮಲಾ ಗಂಡನ ಹತ್ತಿರ ಹೋಗಿ ಮೆಲ್ಲಗೆ, "ಇದನ್ನ ಹೇಳಬೇಕಾಗಿರಲಿಲ್ಲ" ಅಂದರು.

"ಹೇಳದಿದ್ರೆ ನೀನು ಹೋಗುವುದು ಹೇಗೆ?"

"ನೀವೂ ಬನ್ನಿ. ನಾನು ಪಕ್ಕದಲ್ಲೇ ಇರ್ತೇನೆ."

ಧರ್ಮಪಾಲರು ಬೋಟಿಗೆ ಹತ್ತಲು ಹಾಸಿದ ಹಲಗೆಯವರೆಗೆ ಬಂದರು. ಒಂದು ಕಾಲು ಮುಂದಿಟ್ಟರು. ಹಲಗೆಯ ಸಂದಿನಲ್ಲಿ ಹಸಿರು ನೀರು ಏರಿಳಿಯುತ್ತಿತ್ತು. "ಆಗುವುದಿಲ್ಲ ವಿಮಲಾ" ಎಂದು ಹಿಂದೆ ಸರಿದರು. ಮುಖ ಸೀದಾ ನೋಡಲಾಗದೆ ನಾನು ಬಾಳೆಗೊನೆಗಳ ಕಡೆ ತಿರುಗಿದೆ. ವಿಮಲಾ ತಲೆಯಾಡಿಸಿ, ಅವರ ಕೈಗೆ ಊಟದ ಡಬ್ಬಿ ಕೊಟ್ಟು, ಬ್ಯಾಗು ಹೆಗಲಿಗೇರಿಸಿಕೊಂಡು ಬೋಟು ಹತ್ತಿದರು.

ಮುಂದಿನದನ್ನು ಹೇಳಲು ನನಗೆ ಇಷ್ಟವಿಲ್ಲ, ಆದರೂ ಹೇಳುತ್ತೇನೆ. ಬೋಟು ಕೊಲ್ಲಿ ದಾಟಿದ್ದೇ ತಡ, ಎಲ್ಲಾ ಮನಸ್ಸಿನಲ್ಲಿರುವುದು ಎಂದು ಊರಿಗೆಲ್ಲ ಹೇಳುತ್ತಿದ್ದವಳ ಹೊಟ್ಟೆ ಮನಸ್ಸಿನ ಮಾತು ಕೇಳಲಿಲ್ಲ. ಪ್ರಕಾಶನ ಕಥೆ ಇನ್ನೂ ಹೀನಾಯ. ಅನಘಾ ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಉರುಳಿದಳು. ವಿಮಲಾ ಒಬ್ಬರೇ ಸೀಟಿನಿಂದ ಸೀಟಿಗೆ ಓಡಾಡುತ್ತಾ ನಮಗೆ ಪ್ಲಾಸ್ಟಿಕ್ ಚೀಲ ಕೊಟ್ಟರು, ಬೆನ್ನು ನೀವಿದರು, ಪಕ್ಕದ ಅಜ್ಜಿಯ ಕೋಳಿಬುಟ್ಟಿಯನ್ನೂ ಉರುಳದಂತೆ ಹಿಡಿದರು. ಆಮೇಲೆ ನನ್ನನ್ನು ಎಬ್ಬಿಸಿ ಹಿಂಬದಿಯ ತೆರೆದ ಜಾಗಕ್ಕೆ ಕರೆದೊಯ್ದರು. ಗಾಳಿ ಮುಖಕ್ಕೆ ಬಡಿದ ಮೇಲೆ ನನಗೆ ಜೀವ ಬಂತು.

"ಯಾಕೆ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಿ ವಿಮಲಾ?" ಎಂದು ಕೇಳಿದೆ.

"ಮದುವೆಯಾಗಿ ವಾರ ಆಗಿರಲಿಲ್ಲ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೊರಟಿದ್ದೆವು. ನನ್ನ ಅಣ್ಣಂದಿರೆಲ್ಲ ಜೊತೆಗಿದ್ರು. ಅರ್ಧ ದಾರಿಯಲ್ಲಿ ಇವರು ನನ್ನ ಸೆರಗು ಹಿಡ್ಕೊಂಡು ನಡುಗ್ಲಿಕ್ಕೆ ಶುರು ಮಾಡಿದ್ರು. ಅಣ್ಣಂದಿರು ನೋಡಿದ್ರೆ ಜೀವಮಾನವಿಡೀ ತಮಾಷೆ ಮಾಡ್ತಾರೆ ಅಂತ ನನಗೆ ಗೊತ್ತು. ನನಗೆ ವಾಂತಿ ಬರ್ತದೆ, ದೋಣಿ ತಿರುಗಿಸಿ ಅಂತ ನಾನೇ ಕೂಗಿದೆ. ಒಮ್ಮೆ ಹೇಳಿದ ಮೇಲೆ ಬಿಡ್ಲಿಕ್ಕೆ ಆಗಲಿಲ್ಲ."

"ಬೇಜಾರಾಗ್ಲಿಲ್ವಾ?"

"ಆಗದೆ? ನೀವು ಶುಂಠಿ ಮಿಠಾಯಿ ತಂದುಕೊಡುವಾಗೆಲ್ಲ ತುಂಬಾ ಆಗ್ತಿತ್ತು" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇವತ್ತು ಅವರು ಬಾಯಿ ಬಿಡದಿದ್ರೆ ನಾನು ಅವರನ್ನ ಕ್ಷಮಿಸ್ತಿರಲಿಲ್ಲ ರಮಾ" ಅಂದರು.

ಬಾಂದಾ ಹೇಗಿತ್ತು ಎಂದು ಕೇಳಿದರೆ ಪ್ರಕಾಶ ನಿಮಗೆ ಮುನ್ನೂರು ಫೋಟೋ ತೋರಿಸುತ್ತಾನೆ. ನಾನು ಇಷ್ಟೇ ಹೇಳಬಲ್ಲೆ. ಊರಿನ ಬೀದಿಯ ಕೊನೆಗೆ ನಿಂತರೆ ಎದುರಿಗೇ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ನೀರಿನಾಚೆ ಆ ಬೆಂಕಿ ಬೆಟ್ಟ. ಹಳೆಯ ಬಿರುಕುಬಿಟ್ಟ ಮನೆಗಳ ಅಂಗಳದಲ್ಲೆಲ್ಲ ಚಾಪೆಯ ಮೇಲೆ ಜಾಪತ್ರೆ ಒಣಗುತ್ತಿರುತ್ತದೆ. ಬೇರೆ ಬೇರೆ ದ್ವೀಪಗಳಿಗೆ ಮರದ ದೋಣಿಯಲ್ಲಿ ಹೋದೆವು. ಆಯ್ ಎಂಬ ದ್ವೀಪದ ತೋಟದಲ್ಲಿ ವಿಮಲಾ ಮರದ ಕೆಳಗೆ ಬಿದ್ದಿದ್ದ ಒಂದು ಹಣ್ಣು ಎತ್ತಿಕೊಂಡರು. ಹಳದಿ ಸಿಪ್ಪೆ ಎರಡು ಹೋಳಾಗಿ, ಒಳಗೆ ಕಪ್ಪು ಬೀಜಕ್ಕೆ ಕೆಂಪು ಜಾಪತ್ರೆ ಅಂಟಿಕೊಂಡಿತ್ತು. ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ನಾವಿದ್ದ ಮನೆಯವರು ಆ ಸಿಪ್ಪೆಯಿಂದ ಮಾಡಿದ ಜಾಮು ಬಡಿಸಿದಾಗ, "ನಾವು ಉಪ್ಪಿನಕಾಯಿ ಹಾಕೋದಕ್ಕೆ ಇವರು ಸಕ್ಕರೆ ಸುರಿದಿದ್ದಾರೆ" ಎಂದು ದೂರಿದರು, ಆದರೆ ಬಾಟಲಿ ಖಾಲಿ ಮಾಡಿದ್ದೂ ಅವರೇ.

ಬೆಟ್ಟ ಹತ್ತುವ ದಿನ ಪ್ರಕಾಶ ಜಾರುವ ಕಲ್ಲು ನೋಡಿ ಬುಡದಲ್ಲೇ ಫೋಟೋಗ್ರಾಫರ್ ಆದ. ನಾನು ಅರ್ಧಕ್ಕೆ ಕೂತು ಗೊಜ್ಜವಲಕ್ಕಿ ಬಿಚ್ಚಿದೆ. ವಿಮಲಾ ಅನಘಾಳನ್ನು ಕರೆದುಕೊಂಡು ಮೇಲೆ ಹೋದರು. ಇಳಿದು ಬಂದಾಗ ಮಂಡಿ ತರಚಿತ್ತು, ಮುಖವೆಲ್ಲ ಧೂಳು, ಹೊಸ ಶೂ ಹಳತಾಗಿತ್ತು. ಮೇಲಿನ ಕಲ್ಲು ಇನ್ನೂ ಬಿಸಿ ಇದೆ, ಕೈ ಇಟ್ಟು ನೋಡಿದೆ ಎಂದು ಮಗುವಿನಂತೆ ಅಂಗೈ ತೋರಿಸಿದರು. ಆಮೇಲೆ ಸಿಗ್ನಲ್ ಸಿಗುವ ಜಾಗ ಹುಡುಕಿ ಗಂಡನಿಗೆ ಫೋನು ಮಾಡಿದರು. ಅವರು ಸಂತೋಷವಾಯಿತು ಎಂದು ಹೇಳಿ, ಈಗ ಸ್ವಲ್ಪ ಕೆಲಸದಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟರಂತೆ. ಆಂಬೊನ್‌ನಲ್ಲಿ ಲಿಫ್ಟೇ ಕಾಣಲಿಲ್ಲ, ಇವರಿಗೆ ಎಂಥ ಕೆಲಸ ಎಂದು ನಾನೂ ಪ್ರಕಾಶನೂ ನಕ್ಕೆವು. ವಿಮಲಾ ನಗಲಿಲ್ಲ. ಗಂಡ ಸಿಟ್ಟು ಮಾಡಿಕೊಂಡಿರಬಹುದು, ಎಲ್ಲರೆದುರು ಅವಮಾನವಾಯಿತಲ್ಲ ಎಂದು ಅವರಿಗೆ ಚಿಂತೆ ಹತ್ತಿತು. ವಾಪಸು ಬರುವ ಬೋಟಿನಲ್ಲಿ ಹಿಂಬದಿಗೂ ಹೋಗದೆ ಸೀಟಿನಲ್ಲೇ ಕೂತಿದ್ದರು.

ತುಲೆಹು ತಲುಪಿದಾಗ ಕಟ್ಟೆಯ ಮೇಲೆ ಧರ್ಮಪಾಲರು ಇರಲಿಲ್ಲ. ವಿಮಲಾ ಜನರ ನಡುವೆ ಆಚೀಚೆ ನೋಡಿದರು. ಎರಡು ಸಲ ಫೋನು ಮಾಡಿದರೂ ಎತ್ತಲಿಲ್ಲ. ನನ್ನ ನಾಲಗೆಯ ತುದಿಗೆ ಒಂದು ಚುಚ್ಚುಮಾತು ಬಂದಿತ್ತು.

"ಆಂಟಿ, ದೇರ್" ಎಂದಳು ಅನಘಾ, ಕೆಳಗೆ ಕೈ ತೋರಿಸಿ.

ಕಟ್ಟೆಯ ಮಗ್ಗುಲಲ್ಲಿ ಮೀನುಗಾರರ ಸಣ್ಣ ದೋಣಿಗಳನ್ನು ಸಾಲಾಗಿ ಕಟ್ಟಿದ್ದರು. ಅದರಲ್ಲೊಂದರ ನಟ್ಟನಡುವೆ, ತುಂಬುತೋಳಿನ ಶರ್ಟಿನ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಎರಡೂ ಕೈಯಲ್ಲಿ ಅಡ್ಡಹಲಗೆ ಹಿಡಿದುಕೊಂಡು ಧರ್ಮಪಾಲರು ಕೂತಿದ್ದರು. ಫೋನು ಜೇಬಿನಲ್ಲಿ ಬಡಿದುಕೊಳ್ಳುತ್ತಿತ್ತು. ಎತ್ತಬೇಕಾದರೆ ಕೈ ಬಿಡಬೇಕಿತ್ತು. ದೋಣಿಯ ಮುಂದೊಂದು ಹಗ್ಗ, ಹಿಂದೊಂದು ಹಗ್ಗ. ಪಕ್ಕದ ದೋಣಿಯಲ್ಲಿ ಕೂತ ಮುದುಕ ಬಲೆ ಹೆಣೆಯುತ್ತಾ, ಇದು ದಿನಾ ನಡೆಯುವುದೇ ಎನ್ನುವ ಹಾಗೆ ನಮ್ಮನ್ನು ನೋಡಿದ.

ವಿಮಲಾ ಮೆಟ್ಟಿಲಿಳಿದು ಹೋದರು. "ಎಂಥ ಇದು?" ಅಂದರು.

"ಮೊದಲ ದಿನ ಮೆಟ್ಟಿಲವರೆಗೆ ಬಂದೆ" ಎಂದರು ಧರ್ಮಪಾಲರು, ಕತ್ತು ತಿರುಗಿಸದೆಯೇ. "ಆಮೇಲೆ ಕಾಲು ಇಟ್ಟೆ. ನಿನ್ನೆಯಿಂದ ಕೂತುಕೊಳ್ತಿದ್ದೇನೆ. ಅಜ್ಜ ಹಗ್ಗ ಬಿಚ್ಚಲಾ ಅಂತ ಕೈಸನ್ನೆಯಲ್ಲಿ ಕೇಳ್ತಾರೆ. ಹೆಂಡತಿ ಬರಲಿ ಅಂತ ನಾನೂ ಕೈಯಲ್ಲೇ ಹೇಳ್ತೇನೆ."

ವಿಮಲಾ ದೋಣಿಗೆ ಇಳಿದರು. ಅದು ಒಂದು ಕಡೆಗೆ ವಾಲಿತು. ಧರ್ಮಪಾಲರು ಕಣ್ಣು ಮುಚ್ಚಿ ಏನೋ ಗೊಣಗಿದರು. ಆಕೆ ಪಕ್ಕದಲ್ಲಿ ಕೂತು, ಹಲಗೆಗೆ ಅಂಟಿಕೊಂಡಿದ್ದ ಅವರ ಒಂದು ಕೈಯನ್ನು ಬೆರಳು ಬೆರಳಾಗಿ ಬಿಡಿಸಿ ತಮ್ಮ ಕೈಯೊಳಗೆ ತೆಗೆದುಕೊಂಡು, ತುಳುವಿನಲ್ಲಿ ಏನೋ ಕೇಳಿದರು. ಅವರು ಹೂಂ ಎಂದು ತಲೆಯಾಡಿಸಿದರು. ಮುದುಕ ಎದ್ದು ಬಂದು ಎರಡೂ ಹಗ್ಗ ಬಿಚ್ಚಿ, ಹುಟ್ಟು ಹಿಡಿದ.

ನನ್ನ ನಾಲಗೆಯ ತುದಿಯಲ್ಲಿದ್ದ ಮಾತು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಪ್ರಕಾಶ ಫೋಟೋ ತೆಗೆಯಲು ಫೋನು ಎತ್ತಿದವನು ಹಾಗೇ ಇಳಿಸಿದ. ದೋಣಿ ಹೋದದ್ದು ಹೆಚ್ಚೆಂದರೆ ನಮ್ಮ ವಾಯ್ಡ್ ಡೆಕ್ಕಿನಷ್ಟು ದೂರ, ಹೋಗಿ ನಿಧಾನಕ್ಕೆ ತಿರುಗಿ ಬಂತು. ಧರ್ಮಪಾಲರು ಕಣ್ಣು ಬಿಟ್ಟದ್ದು ವಾಪಸು ಬರುವಾಗ. ಅಷ್ಟು ಹೊತ್ತೂ ವಿಮಲಾ ಅವರ ಮುಖವನ್ನೇ ನೋಡುತ್ತಿದ್ದರು, ಒಮ್ಮೆಯೂ ನೀರಿನ ಕಡೆ ತಿರುಗಲಿಲ್ಲ.